ಹೊಟ್ಟೆ ಚಿಕ್ಕದಾದ ಮೇಲೆ ಊಟ

ಬೇಲೂರು, ಹಳೇಬೀಡು ನೋಡಲು ಬಂದ ಪರಸ್ಥಳದವರಿಗೆ ಮೊದಲ ಸಲ ರಾಗಿಮುದ್ದೆ ಬಡಿಸಿದಾಗ ನಮ್ಮ ಕಡೆಯವರು ಹೇಳಿಕೊಡುವ ಪಾಠ ಒಂದೇ: "ಅಗೀಬೇಡಿ, ನುಂಗಿ." ಅಗಿದರೆ ಮುದ್ದೆ ಹಲ್ಲಿಗೂ ಅಂಗುಳಿಗೂ ಮೆತ್ತಿಕೊಳ್ಳುತ್ತದೆ. ಬೆರಳಲ್ಲಿ ಒಂದಿಷ್ಟು ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಅದ್ದಿ ಬಾಯಿಗಿಟ್ಟರೆ ತಾನಾಗಿಯೇ ಜಾರಿ ಇಳಿಯುತ್ತದೆ. ಅರಸೀಕೆರೆ ಸೀಮೆಯ ಮಗು ಅಕ್ಷರ ತಿದ್ದುವ ಮೊದಲೇ ಈ ವಿದ್ಯೆ ಕಲಿತಿರುತ್ತದೆ.

ಇದೇ ವಿದ್ಯೆಯನ್ನು ನಲವತ್ತನೆಯ ವಯಸ್ಸಿನಲ್ಲಿ ಮರೆಯಬೇಕಾಗಿ ಬಂದರೆ? ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಬರುವ ಮೊದಲ ಕಷ್ಟ ಇದೇ. ಅರಸೀಕೆರೆಯಲ್ಲಿ ರೈಲು ಹತ್ತಿ ಬೆಂಗಳೂರಿನ ಆಸ್ಪತ್ರೆಗೆ ಹೋದವರು ಕೆಲವೇ ದಿನಗಳಲ್ಲಿ ಮನೆಗೆ ಮರಳಬಹುದು. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ಗಾಯಗಳಷ್ಟೇ ಕಾಣುತ್ತವೆ. ಆದರೆ ಅವರು ಮರಳಿ ಬರುವುದು ಅದೇ ಅಡುಗೆಮನೆಗೆ, ಅದೇ ಸಾರಿಗೆ, "ಇನ್ನೊಂದ್ ಚೂರು ಹಾಕ್ಕೊಳಿ" ಎನ್ನುವ ಅದೇ ಜನರ ನಡುವೆಗೆ.

ಆರೋಗ್ಯದ ಸಂವಾದಗಳಲ್ಲಿ ವೈದ್ಯರು ಶಸ್ತ್ರಚಿಕಿತ್ಸೆಯ ಬಗ್ಗೆ ಅರ್ಧ ಗಂಟೆ ವಿವರಿಸುತ್ತಾರೆ, ಆಮೇಲಿನ ಊಟದ ಬಗ್ಗೆ ಎರಡು ನಿಮಿಷ. ಕಾರ್ಯಕ್ರಮ ನಿರ್ಮಿಸುವವನಾದ ನನಗೆ ಇದು ತಲೆಕೆಳಗಾದ ಲೆಕ್ಕವಾಗಿ ಕಾಣುತ್ತದೆ. ಶಸ್ತ್ರಚಿಕಿತ್ಸೆ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ, ಊಟ ಬದುಕಿರುವವರೆಗೂ ಇರುತ್ತದೆ. ಆದ್ದರಿಂದ ಈ ಪುಟಗಳಲ್ಲಿ ಊಟದ ವಿಷಯವನ್ನೇ ನೋಡೋಣ. ವಿದ್ಯಾರ್ಥಿಗಳಾದ ನಿಮಗೆ ಇದೇಕೆ ಎಂದು ಕೇಳಬಹುದು. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕ ಹೆಂಗಸರಲ್ಲಿ ಶೇಕಡ 24 ಮಂದಿ, ಗಂಡಸರಲ್ಲಿ ಶೇಕಡ 23ರಷ್ಟು ಮಂದಿ ಅಧಿಕ ತೂಕದವರು ಅಥವಾ ಸ್ಥೂಲಕಾಯರು. ಅವರಲ್ಲಿ ಈ ಚಿಕಿತ್ಸೆಗೆ ಹೋಗುವವರು ಅತಿ ಕಡಿಮೆ, ನಿಜ. ಆದರೂ ನಿಮ್ಮ ದೊಡ್ಡಪ್ಪನೋ ಚಿಕ್ಕಮ್ಮನೋ ನಿಮ್ಮ ಮೇಷ್ಟರೋ ಅವರಲ್ಲೊಬ್ಬರಾಗಿರಬಹುದು. ಅವರ ಪಕ್ಕ ಕುಳಿತು ಉಣ್ಣುವವರು ನೀವು.

ಜಠರಕ್ಕೆ ಏನಾಗಿರುತ್ತದೆ?

ವಯಸ್ಕರ ಜಠರ ಒಂದರಿಂದ ಒಂದೂವರೆ ಲೀಟರಿನಷ್ಟು ಆಹಾರ ಹಿಡಿಸುವ ಚೀಲ. ಇಂದು ಹೆಚ್ಚಾಗಿ ನಡೆಯುವ ಶಸ್ತ್ರಚಿಕಿತ್ಸೆಗಳು ಎರಡು ಬಗೆಯವು. ಮೊದಲನೆಯದರಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ತುಸು ಹೆಚ್ಚನ್ನು ಉದ್ದಕ್ಕೆ ಕತ್ತರಿಸಿ ತೆಗೆದುಬಿಡುತ್ತಾರೆ. ಉಳಿಯುವುದು ಅಂಗಿಯ ತೋಳಿನಂಥ ಒಂದು ಕಿರಿದಾದ ಕೊಳವೆ. ಅದಕ್ಕೇ ಇದರ ಹೆಸರು ಸ್ಲೀವ್. ಅದರಲ್ಲಿ ಹಿಡಿಸುವುದು 100ರಿಂದ 150 ಮಿಲಿಲೀಟರು, ಹೋಟೆಲಿನ ಒಂದು ಕಾಫಿ ಲೋಟದಷ್ಟು. ಎರಡನೆಯದು ಬೈಪಾಸ್. ಜಠರದ ಮೇಲ್ತುದಿಯಲ್ಲಿ ಎರಡು ದೊಡ್ಡ ಚಮಚದಷ್ಟು, ಎಂದರೆ 30 ಮಿಲಿಲೀಟರಿನ ಒಂದು ಪುಟ್ಟ ಚೀಲ ಮಾಡಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ನೇರವಾಗಿ ಜೋಡಿಸುತ್ತಾರೆ. ಬಸ್ಸು ಊರೊಳಗೆ ಹೋಗದೆ ಬೈಪಾಸ್ ರಸ್ತೆಯಲ್ಲಿ ಹಾದುಹೋಗುವಂತೆ, ಆಹಾರ ಉಳಿದ ಜಠರವನ್ನೂ ಕರುಳಿನ ಮೊದಲ ಭಾಗವನ್ನೂ ಬಿಟ್ಟು ಮುಂದಕ್ಕೆ ಸಾಗುತ್ತದೆ.

ಈ ಬೈಪಾಸಿನ ಹಿಂದೆ ಒಂದು ಸ್ವಾರಸ್ಯವಿದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಶಸ್ತ್ರಚಿಕಿತ್ಸಕ ಎಡ್ವರ್ಡ್ ಮೇಸನ್ 1960ರ ದಶಕದಲ್ಲಿ ಇದನ್ನು ರೂಪಿಸಿದರು. ಜಠರದ ಹುಣ್ಣಿಗಾಗಿ ಜಠರದ ಒಂದು ಭಾಗ ತೆಗೆಸಿಕೊಂಡ ರೋಗಿಗಳು ಆಮೇಲೆ ಸೊರಗಿ ತೆಳ್ಳಗಾಗುವುದನ್ನು ವೈದ್ಯರು ಬಹಳ ಕಾಲದಿಂದ ಗಮನಿಸಿದ್ದರು. ಒಬ್ಬ ರೋಗಿಗೆ ತೊಂದರೆಯಾದದ್ದು ಇನ್ನೊಬ್ಬನಿಗೆ ಚಿಕಿತ್ಸೆಯಾಯಿತು. ಆದರೆ ತೊಂದರೆ ತೊಂದರೆಯಾಗಿಯೂ ಉಳಿಯಿತು ಎನ್ನುವುದನ್ನು ಮರೆಯಬಾರದು. ಹಿಂದಿನ ಹುಣ್ಣಿನ ರೋಗಿಗಳನ್ನು ಕಾಡುತ್ತಿದ್ದ ಪೋಷಕಾಂಶಗಳ ಕೊರತೆ, ಸಿಹಿ ತಿಂದಾಗಿನ ತಲೆಸುತ್ತು, ಇವೆಲ್ಲ ಇವರಿಗೂ ಬರಬಹುದು.

ಜಠರ ಬರೀ ಚೀಲವೂ ಅಲ್ಲ. 1999ರಲ್ಲಿ ಜಪಾನಿನ ಮಸಾಯಸು ಕೊಜಿಮಾ ಮತ್ತು ಕೆಂಜಿ ಕಂಗಾವಾ ಅವರ ತಂಡ ಘ್ರೆಲಿನ್ ಎಂಬ ಹಾರ್ಮೋನನ್ನು ಗುರುತಿಸಿತು. ಹೊಟ್ಟೆ ಖಾಲಿಯಾದಾಗ ರಕ್ತದಲ್ಲಿ ಏರಿ, ಮಿದುಳಿಗೆ "ಹಸಿವು" ಎಂದು ತಿಳಿಸುವ ವಸ್ತು ಇದು. ಹೆಚ್ಚಾಗಿ ಉತ್ಪತ್ತಿಯಾಗುವುದು ಜಠರದ ಮೇಲಿನ ಗುಮ್ಮಟದಂಥ ಭಾಗದಲ್ಲಿ. ಸ್ಲೀವ್ ಮಾಡುವಾಗ ಕತ್ತರಿಸಿ ತೆಗೆಯುವುದು ಆ ಭಾಗವನ್ನೇ. ಹೀಗಾಗಿ ಮೊದಲ ತಿಂಗಳುಗಳಲ್ಲಿ ಅನೇಕರಿಗೆ ಹಸಿವೇ ಆಗುವುದಿಲ್ಲ. ಹಸಿವಿಲ್ಲದವರು ಗಡಿಯಾರ ನೋಡಿ ಉಣ್ಣಬೇಕಾಗುತ್ತದೆ. ಕೇಳಲು ಸುಲಭ. ನಿಮಗೆ ಜ್ವರ ಬಂದಾಗ ಎರಡು ದಿನ ಹೀಗೆ ಉಂಡದ್ದನ್ನು ನೆನಪಿಸಿಕೊಂಡರೆ ಅದರ ಬೇಸರ ಅರ್ಥವಾದೀತು.

ಗಂಜಿಯಿಂದ ಮತ್ತೆ ಶುರು

ಮನೆಗೆ ಬಂದವರ ಆಹಾರ ಹಸುಗೂಸಿನ ಆಹಾರದಂತೆಯೇ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೊದಲ ದಿನಗಳಲ್ಲಿ ತಿಳಿಯಾದ ದ್ರವ ಮಾತ್ರ, ಎಂದರೆ ನೀರು, ಗಂಜಿಯ ತಿಳಿ, ಬೇಳೆ ಬೇಯಿಸಿದ ಕಟ್ಟು. ಅದೂ ಗುಟುಕು ಗುಟುಕಾಗಿ. ಆಮೇಲೆ ಸುಮಾರು ಎರಡು ವಾರ ಹಾಲು, ಮಜ್ಜಿಗೆ, ತೆಳ್ಳಗಿನ ರಾಗಿ ಅಂಬಲಿ, ಸೋಸಿದ ತರಕಾರಿ ಸಾರು. ಮೂರನೆಯ ವಾರದಿಂದ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗೆ ಬೇಯಿಸಿ ಹಿಸುಕಿದ್ದು. ಆರರಿಂದ ಎಂಟು ವಾರಗಳ ಹೊತ್ತಿಗೆ ಮನೆಯವರ ಊಟಕ್ಕೆ ಹತ್ತಿರವಾದದ್ದು. ಆಸ್ಪತ್ರೆಯಿಂದ ಆಸ್ಪತ್ರೆಗೆ ಈ ದಿನಗಳ ಲೆಕ್ಕ ತುಸು ಬೇರೆಯಾಗುತ್ತದೆ. ಬರೆದುಕೊಟ್ಟ ಚೀಟಿಯಲ್ಲಿ ಇರುವುದೇ ಅಂತಿಮ. ಹೊಲಿಗೆ ಹಾಕಿದ ಜಾಗ ಒಳಗೆ ಮಾಗಬೇಕಾದ್ದರಿಂದ ಈ ಮೆಟ್ಟಿಲುಗಳನ್ನು ಹಾರಿ ಹೋಗುವಂತಿಲ್ಲ.

ಇನ್ನು ತಟ್ಟೆಗೆ ಬರೋಣ. ನಿಮ್ಮ ಮನೆಯ ಒಂದು ಮುದ್ದೆಯನ್ನು ತಕ್ಕಡಿಯಲ್ಲಿಟ್ಟು ನೋಡಿ. ನಮ್ಮ ಕಡೆ 200 ಗ್ರಾಂಗೆ ಕಡಿಮೆ ತೂಗುವ ಮುದ್ದೆ ಅಪರೂಪ. ಅಷ್ಟನ್ನು ಕಾಫಿ ಲೋಟದಷ್ಟು ಜಠರಕ್ಕೆ ತುಂಬುವುದು ಆಗದ ಮಾತು. ಗಾತ್ರದ ಪ್ರಶ್ನೆಗಿಂತ ಗುಣದ ಪ್ರಶ್ನೆ ದೊಡ್ಡದು. ಹಳೆಯ ಜಠರ ತನ್ನ ಗೋಡೆಗಳಿಂದ ಆಹಾರವನ್ನು ಕಡೆದು, ನುರಿದು, ಗಂಜಿಯಂತೆ ಮಾಡಿ ಕರುಳಿಗೆ ದಾಟಿಸುತ್ತಿತ್ತು. ಹೊಸ ಪುಟ್ಟ ಚೀಲಕ್ಕೆ ಆ ಶಕ್ತಿಯಿಲ್ಲ. ಕಡೆಯುವ ಕೆಲಸ ಈಗ ಹಲ್ಲಿನದು. ಅಂಟುವ ಹಿಟ್ಟಿನ ಪದಾರ್ಥಗಳು, ಉದಾಹರಣೆಗೆ ಮೆತ್ತನೆಯ ಬ್ರೆಡ್ಡು, ಬಿಸಿ ಚಪಾತಿ, ಮುದ್ದೆಗಟ್ಟಿದ ಅನ್ನ, ಕಿರಿದಾದ ದಾರಿಯಲ್ಲಿ ಸಿಕ್ಕಿಕೊಳ್ಳುವುದು ಸಾಮಾನ್ಯ. ನುಂಗಿದ ಮುದ್ದೆಯೂ ಇದೇ ಜಾತಿ. ಸಿಕ್ಕಿಕೊಂಡಾಗ ಎದೆಯ ನಡುವೆ ಕಲ್ಲಿಟ್ಟಂತಾಗುತ್ತದೆ, ಬಾಯಿಯಲ್ಲಿ ನೊರೆನೊರೆಯಾಗಿ ಜೊಲ್ಲು ತುಂಬುತ್ತದೆ, ಕೊನೆಗೆ ತಿಂದದ್ದು ಹೊರಗೆ ಬರುತ್ತದೆ.

ಹಾಗಾದರೆ ರಾಗಿ ಬಿಡಬೇಕೆ? ಖಂಡಿತ ಬೇಡ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಯಾವ ಅಕ್ಕಿ, ಗೋಧಿಯೂ ಅದರ ಹತ್ತಿರ ಬರುವುದಿಲ್ಲ. ಬದಲಾಗಬೇಕಾದದ್ದು ರಾಗಿಯ ರೂಪ. ಮೊದಲು ಅಂಬಲಿ, ಆಮೇಲೆ ಗಟ್ಟಿ ಗಂಜಿ, ಆಮೇಲೆ ಗರಿಯಾದ ತೆಳ್ಳಗಿನ ರಾಗಿ ದೋಸೆ. ಗರಿಯಾದದ್ದನ್ನು ಅಗಿಯದೆ ನುಂಗಲು ಬರುವುದಿಲ್ಲ. ಅದೇ ಅದರ ಲಾಭ. ಕೆಲವು ತಿಂಗಳ ನಂತರ ನೆಲ್ಲಿಕಾಯಿ ಗಾತ್ರದ ಮುದ್ದೆಯನ್ನು ಸಾರಿನಲ್ಲಿ ಕಿವುಚಿ ಉಣ್ಣಲು ಕೆಲವರಿಗೆ ಸಾಧ್ಯವಾಗುತ್ತದೆ, ಕೆಲವರಿಗೆ ಆಗುವುದೇ ಇಲ್ಲ.

ಮುದ್ದೆಯ ಜೊತೆ ಇನ್ನೊಂದು ಅಭ್ಯಾಸವೂ ಹೋಗಬೇಕು. ಊಟಕ್ಕೆ ಕೂರುವಾಗ ಪಕ್ಕದಲ್ಲಿ ಒಂದು ಚೊಂಬು ನೀರು, ಕೊನೆಯಲ್ಲಿ ಒಂದು ಲೋಟ ಮಜ್ಜಿಗೆ ನಮ್ಮ ಪದ್ಧತಿ. ಪುಟ್ಟ ಜಠರದಲ್ಲಿ ನೀರಿಗೂ ಅನ್ನಕ್ಕೂ ಒಟ್ಟಿಗೆ ಜಾಗವಿಲ್ಲ. ನೀರು ಕುಡಿದರೆ ಊಟ ಇಳಿಯುವುದಿಲ್ಲ, ಇಲ್ಲವೇ ಊಟವನ್ನು ನೀರು ಬೇಗ ಕೊಚ್ಚಿಕೊಂಡು ಹೋಗಿ ಹೊಟ್ಟೆ ತುಂಬಿದ ಅನುಭವವೇ ಆಗುವುದಿಲ್ಲ. ಆದ್ದರಿಂದ ಊಟ ಮುಗಿದು ಅರ್ಧ ಗಂಟೆಯವರೆಗೆ ನೀರು ಕುಡಿಯಬಾರದೆಂದು ವೈದ್ಯರು ಹೇಳುತ್ತಾರೆ. ಹಾಗೆಂದು ನೀರು ಕಡಿಮೆ ಮಾಡುವಂತಿಲ್ಲ. ದಿನಕ್ಕೆ ಒಂದೂವರೆಯಿಂದ ಎರಡು ಲೀಟರು ದ್ರವ ಬೇಕೇ ಬೇಕು. ಗಟಗಟನೆ ಕುಡಿಯಲಾಗದವರು ಬಾಟಲಿಯನ್ನು ಪಕ್ಕದಲ್ಲಿಟ್ಟುಕೊಂಡು ದಿನವಿಡೀ ಗುಟುಕರಿಸುತ್ತಿರಬೇಕು. ಊಟದ ಕೊನೆಯ ಮಜ್ಜಿಗೆ ಸಂಜೆ ನಾಲ್ಕು ಗಂಟೆಯ ಮಜ್ಜಿಗೆಯಾಗುತ್ತದೆ.

ಯಾವುದು ಒಗ್ಗುತ್ತದೆ, ಯಾವುದು ಒಗ್ಗದು?

"ಅವರಿಗೆ ಮಾಂಸ ಅಲರ್ಜಿಯಂತೆ" ಎಂದು ಮನೆಯವರು ಹೇಳುವುದುಂಟು. ಇದು ಅಲರ್ಜಿಯಲ್ಲ. ಅಲರ್ಜಿ ಎಂದರೆ ದೇಹದ ರಕ್ಷಣಾ ವ್ಯವಸ್ಥೆ ಒಂದು ಪದಾರ್ಥವನ್ನು ಶತ್ರುವೆಂದು ಭಾವಿಸಿ ತಿರುಗಿಬೀಳುವುದು. ಇಲ್ಲಿ ನಡೆಯುವುದು ಬೇರೆ. ಕುರಿಮಾಂಸದ ನಾರು, ಒಣಗಿದ ಕೋಳಿತುಂಡು, ನುಗ್ಗೆಕಾಯಿಯ ಸಿಪ್ಪೆ, ಹಸಿ ತೆಂಗಿನಕಾಯಿಯ ಚೂರು, ಇವು ಆ ಸಣ್ಣ ದಾರಿಗೆ ದೊರಗಾಗುತ್ತವೆ. ಹಾಲಿನದು ಇನ್ನೊಂದು ಕಥೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಇರುವುದು ಸಣ್ಣ ಕರುಳಿನಲ್ಲಿ. ಬೈಪಾಸ್ ಆದವರಲ್ಲಿ ಕೆಲವರಿಗೆ ಹಾಲು ಕುಡಿದರೆ ಹೊಟ್ಟೆ ಗುಡುಗುಡು ಎನ್ನುತ್ತದೆ, ಭೇದಿಯಾಗುತ್ತದೆ. ಮೊಸರು, ಮಜ್ಜಿಗೆ ಅವರಿಗೂ ಸಾಮಾನ್ಯವಾಗಿ ಒಗ್ಗುತ್ತವೆ. ಏಕೆಂದರೆ ಹೆಪ್ಪಿನ ಬ್ಯಾಕ್ಟೀರಿಯಾಗಳು ಆ ಸಕ್ಕರೆಯ ಒಂದು ಪಾಲನ್ನು ಮೊದಲೇ ತಿಂದು ಮುಗಿಸಿರುತ್ತವೆ.

ಇದನ್ನೆಲ್ಲ ಪತ್ತೆಹಚ್ಚುವ ಕ್ರಮ ನಿಮ್ಮ ಪ್ರಯೋಗಶಾಲೆಯದೇ. ಒಂದು ಸಲಕ್ಕೆ ಒಂದೇ ಚರಾಂಶವನ್ನು ಬದಲಾಯಿಸಿ. ಎರಡು ಮೂರು ದಿನಕ್ಕೆ ಒಂದೇ ಹೊಸ ಪದಾರ್ಥ, ಅದೂ ಒಂದೆರಡು ಚಮಚ, ಚೆನ್ನಾಗಿ ಅಗಿದು. ಒಂದೇ ದಿನ ಹಿತಕಿದ ಅವರೆ, ಮೊಟ್ಟೆ, ಚಪಾತಿ ಮೂರನ್ನೂ ತಿಂದು ವಾಂತಿಯಾದರೆ ತಪ್ಪು ಯಾವುದರದೆಂದು ಹೇಳುವವರಾರು? ಹಳೆಯ ನೋಟ್‌ಬುಕ್ಕಿನಲ್ಲಿ ತಿಂದದ್ದು, ಎಷ್ಟು, ಎಷ್ಟು ಹೊತ್ತಿನಲ್ಲಿ, ಆಮೇಲೆ ಏನಾಯಿತು ಎಂದು ಗೆರೆ ಹಾಕಿ ಬರೆದಿಡಿ. ಓದು ಬರಹ ಕಡಿಮೆಯಿರುವ ಹಿರಿಯರಿಗೆ ನೀವೇ ಈ ಕೆಲಸ ಮಾಡಿಕೊಡಬಹುದು. ಒಂದು ಪದಾರ್ಥ ಇಂದು ಒಗ್ಗದಿದ್ದರೆ ಅದು ಎಂದೆಂದಿಗೂ ಒಗ್ಗದೆಂದು ತಿಳಿಯಬೇಡಿ. ತಿಂಗಳು ಬಿಟ್ಟು ಮತ್ತೆ ಪ್ರಯತ್ನಿಸಿದಾಗ ಸಲೀಸಾಗಿ ಇಳಿದೀತು. ರುಚಿಯೂ ಬದಲಾಗುತ್ತದೆ. ಮೊದಲು ಪ್ರಾಣವಾಗಿದ್ದ ಒಗ್ಗರಣೆಯ ವಾಸನೆಗೇ ಮುಖ ತಿರುಗಿಸುವವರಿದ್ದಾರೆ. ಅಡುಗೆ ಮಾಡಿದವರು ಅದನ್ನು ಅವಮಾನವೆಂದು ತೆಗೆದುಕೊಳ್ಳಬಾರದು.

ಇಲ್ಲೊಂದು ಮೋಸದ ತಿರುವಿದೆ. ಸಲೀಸಾಗಿ ಒಗ್ಗುವುದೆಲ್ಲ ಒಳ್ಳೆಯದಲ್ಲ! ಕೋಳಿತುಂಡು ಸಿಕ್ಕಿಕೊಳ್ಳುತ್ತದೆ, ಆಲೂಗೆಡ್ಡೆ ಚಿಪ್ಸು ಸಿಕ್ಕಿಕೊಳ್ಳುವುದಿಲ್ಲ. ಬಾಯಲ್ಲೇ ಪುಡಿಯಾಗಿ ಸರಾಗವಾಗಿ ಇಳಿಯುತ್ತದೆ. ಬಿಸ್ಕತ್ತು, ಐಸ್‌ಕ್ರೀಮು, ಕೊಬ್ಬರಿ ಮಿಠಾಯಿಯೂ ಹಾಗೆಯೇ. ಆಲೂಗೆಡ್ಡೆ ಬೆಳೆಯುವ ಹಾಸನ ಜಿಲ್ಲೆಯಲ್ಲಿ, ತೆಂಗಿನ ಸೀಮೆಯಾದ ಅರಸೀಕೆರೆಯಲ್ಲಿ ಈ ಮಾತನ್ನು ಒತ್ತಿ ಹೇಳಬೇಕು. ಒಣಕೊಬ್ಬರಿಯ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಬರೀ ಎಣ್ಣೆ. ನಾಲ್ಕು ತುಂಡು ಕೊಬ್ಬರಿ ಬೆಲ್ಲ ಬಾಯಾಡಿಸಿದರೆ ಜಠರ ತುಂಬಿದಂತೆ ಅನ್ನಿಸುವುದೇ ಇಲ್ಲ, ಶಕ್ತಿಯ ಲೆಕ್ಕ ಮಾತ್ರ ಒಂದು ಹೊತ್ತಿನ ಊಟವನ್ನು ಮೀರುತ್ತದೆ. ಕಷ್ಟ ಕೊಡುವ ಪ್ರೋಟೀನನ್ನು ಬಿಟ್ಟು ಕಷ್ಟ ಕೊಡದ ಕುರುಕಲಿಗೆ ಒಗ್ಗಿಹೋದವರು ಎರಡನೆಯ, ಮೂರನೆಯ ವರ್ಷದಲ್ಲಿ ಮತ್ತೆ ದಪ್ಪಗಾಗುತ್ತಾರೆ, ಜೊತೆಗೆ ನಿಶ್ಶಕ್ತರೂ ಆಗುತ್ತಾರೆ. 'ಮೊದಲು' ಮತ್ತು 'ನಂತರ' ಎಂದು ಎರಡು ಚಿತ್ರ ತೋರಿಸುವ ಜಾಹೀರಾತುಗಳಲ್ಲಿ ಈ ಮೂರನೆಯ ಚಿತ್ರ ಇರುವುದಿಲ್ಲ.

ಆದ್ದರಿಂದ ಉಣ್ಣುವ ಸರದಿಯೇ ಬದಲಾಗಬೇಕು. ದಿನಕ್ಕೆ ಸಾಮಾನ್ಯವಾಗಿ 60ರಿಂದ 80 ಗ್ರಾಂ ಪ್ರೋಟೀನು ಬೇಕೆಂದು ಹೇಳುತ್ತಾರೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. 100 ಗ್ರಾಂ ಒಣ ಹುರುಳಿಯಲ್ಲಿ 22 ಗ್ರಾಂನಷ್ಟು, ಅಷ್ಟೇ ರಾಗಿಹಿಟ್ಟಿನಲ್ಲಿ 7 ಗ್ರಾಂ. ಮುದ್ದೆಯೋ ಅನ್ನವೋ ಮೊದಲು ಹೊಟ್ಟೆಗೆ ಹೋದರೆ ಕಾಳಿಗೆ ಜಾಗ ಉಳಿಯುವುದಿಲ್ಲ. ಬಸ್ಸಾರು, ಹುರುಳಿ ಸಾರು, ಹಿತಕಿದ ಅವರೆ ಮಾಡುವ ನಮ್ಮ ಅಡುಗೆಮನೆಗೆ ಇದೇನೂ ಹೊಸ ಸಾಮಾನು ಬೇಡ. ಸಾರಿನ ತಳದಲ್ಲಿ ಕೂತ ಬೆಂದ ಕಾಳನ್ನು ಮೊದಲು ಬಟ್ಟಲಿಗೆ ಹಾಕಿ ಹಿಸುಕಿ ಕೊಡಿ. ಆಮೇಲೆ ತರಕಾರಿ. ಜಾಗ ಉಳಿದರೆ ಒಂದೆರಡು ತುತ್ತು ಅನ್ನ.

ಹಬ್ಬದ ದಿನ

ಯುಗಾದಿಗೆ ಒಬ್ಬಟ್ಟು ಇಲ್ಲದೆ ಹೇಗೆ? ಬೈಪಾಸ್ ಆದವರು ಇಲ್ಲಿ ವಿಶೇಷವಾಗಿ ಎಚ್ಚರವಿರಬೇಕು. ಜಠರದ ಕೆಳತುದಿಯಲ್ಲಿ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಬಿಡುವ ಒಂದು ಬಾಗಿಲಿದೆ. ಸ್ಲೀವ್‌ನಲ್ಲಿ ಅದು ಉಳಿಯುತ್ತದೆ, ಬೈಪಾಸ್‌ನಲ್ಲಿ ಆಹಾರ ಆ ಬಾಗಿಲನ್ನು ದಾಟುವುದೇ ಇಲ್ಲ. ಬೆಲ್ಲದ ಹೂರಣ ನೇರವಾಗಿ ಕರುಳಿಗೆ ಸುರಿಯುತ್ತದೆ. ಆ ಗಾಢ ಸಕ್ಕರೆಯನ್ನು ತೆಳುಮಾಡಲು ರಕ್ತದಿಂದ ನೀರು ಕರುಳಿನೊಳಕ್ಕೆ ಹರಿಯುತ್ತದೆ. ನೀವು ಓದಿರುವ ಅಭಿಸರಣವೇ ಇದು. ತಿಂದು ಹತ್ತರಿಂದ ಮೂವತ್ತು ನಿಮಿಷದೊಳಗೆ ಎದೆ ಡವಗುಟ್ಟುತ್ತದೆ, ಬೆವರುತ್ತದೆ, ಹೊಟ್ಟೆ ನುಲಿಯುತ್ತದೆ, ತಲೆ ಸುತ್ತಿ ಮಲಗುವಂತಾಗುತ್ತದೆ. ಕೆಲವರಿಗೆ ಒಂದರಿಂದ ಮೂರು ಗಂಟೆಯ ನಂತರ ಎರಡನೆಯ ಸುತ್ತು ಬರುತ್ತದೆ. ಸಕ್ಕರೆ ಒಮ್ಮೆಲೇ ಏರಿದ್ದಕ್ಕೆ ಇನ್ಸುಲಿನ್ ಅತಿಯಾಗಿ ಸುರಿದು, ರಕ್ತದ ಸಕ್ಕರೆ ಕುಸಿದು, ಕೈಕಾಲು ನಡುಗುತ್ತವೆ. "ದೃಷ್ಟಿಯಾಗಿದೆ" ಎಂದು ನಿವಾಳಿಸಿ ಹಾಕುವ ಮೊದಲು ಏನು ತಿಂದರೆಂದು ಕೇಳಿ.

ಪಂಕ್ತಿಯಲ್ಲಿ ಕೂತವರಿಗೆ ಸಾಕೆಂದರೂ ಬಡಿಸುವುದು ನಮ್ಮಲ್ಲಿ ಪ್ರೀತಿಯ ಗುರುತು. ಎಲೆಯಲ್ಲಿ ಬಿಡುವುದು ಅನ್ನಕ್ಕೆ ಮಾಡಿದ ಅವಮರ್ಯಾದೆ. ಈ ಎರಡರ ನಡುವೆ ಸಿಕ್ಕಿದವರು ಒಂದು ತುತ್ತು ಹೆಚ್ಚು ತಿಂದು, ಹಿತ್ತಲಿಗೆ ಹೋಗಿ ವಾಂತಿ ಮಾಡಿ, ಬಾಯಿ ತೊಳೆದು ಬಂದು ನಗುತ್ತಾ ಕೂರುತ್ತಾರೆ. ಅವರನ್ನು ಕಾಪಾಡುವ ಕೆಲಸ ನಿಮ್ಮಂಥ ಕಿರಿಯರಿಗೆ ಸುಲಭ. ಪಕ್ಕದಲ್ಲಿ ಕೂತು, ಬಡಿಸುವವರು ಬಂದಾಗ "ಅತ್ತೆ, ಅವರಿಗೆ ಸಾಕು, ನನಗೆ ಹಾಕಿ" ಎಂದರೆ ಮುಗಿಯಿತು. ಹೊಟ್ಟೆ ತುಂಬಿತು ಎನ್ನುವ ಸೂಚನೆಯೂ ಅವರಿಗೆ ಬೇರೆ ಬಗೆಯಲ್ಲಿ ಬರುತ್ತದೆ. ಒಂದು ಬಿಕ್ಕಳಿಕೆ, ಮೂಗು ಸೋರುವುದು, ಎದೆಗೂಡಿನ ಕೆಳಗೆ ತುಸು ಒತ್ತಡ. ಅದು ಕಂಡ ಕೂಡಲೇ ಕೈ ನಿಲ್ಲಬೇಕು. ಆ ಸೂಚನೆ ಮಿದುಳಿಗೆ ಮುಟ್ಟಲು ಹೊತ್ತು ಬೇಕಾದ್ದರಿಂದಲೇ ಅವರು ಅರ್ಧ ಗಂಟೆ ತೆಗೆದುಕೊಂಡು ನಿಧಾನವಾಗಿ ಉಣ್ಣಬೇಕಾಗುತ್ತದೆ. ಅಲ್ಲಿಯವರೆಗೆ ಎಲೆ ಎತ್ತದೆ ಕಾಯಿರಿ.

ಯಾವಾಗ ಸುಮ್ಮನಿರಬಾರದು?

ಆಗೊಮ್ಮೆ ಈಗೊಮ್ಮೆ ಬೇಗ ಉಂಡು ವಾಂತಿಯಾದರೆ ಅದು ಪಾಠ. ಬಿಡದೆ ವಾಂತಿಯಾಗುತ್ತಿದ್ದರೆ ಅದು ಅಪಾಯ. ಥಯಾಮಿನ್ ಎಂಬ ಬಿ1 ಜೀವಸತ್ವವನ್ನು ದೇಹ ಕೆಲವೇ ವಾರಗಳಿಗೆ ಸಾಕಾಗುವಷ್ಟು ಮಾತ್ರ ಕೂಡಿಟ್ಟುಕೊಳ್ಳುತ್ತದೆ. ವಾಂತಿ ಮುಂದುವರಿದರೆ ಅದು ಬರಿದಾಗಿ ನಡಿಗೆ ತೂರಾಡುತ್ತದೆ, ಕಣ್ಣಿನ ಚಲನೆ ಕೆಡುತ್ತದೆ, ಮಾತು ಗೊಂದಲವಾಗುತ್ತದೆ. ತಡಮಾಡಿದರೆ ಮಿದುಳಿಗೆ ಆದ ಹಾನಿ ಹಾಗೆಯೇ ಉಳಿಯಬಹುದು. ನಮ್ಮ ಊರುಗಳಲ್ಲಿ ಸುಸ್ತು ಎಂದರೆ "ಒಂದು ಬಾಟಲಿ ಗ್ಲೂಕೋಸ್ ಹಾಕ್ಸಿ" ಎನ್ನುವ ರೂಢಿಯಿದೆ. ಥಯಾಮಿನ್ ಬರಿದಾದವರಿಗೆ ಅದನ್ನು ಕೊಡದೆ ಬರೀ ಗ್ಲೂಕೋಸ್ ಹನಿಸಿದರೆ ಸ್ಥಿತಿ ಇನ್ನೂ ಕೆಡಬಹುದು. ಹಾಗಾಗಿ ಯಾವ ವೈದ್ಯರ ಬಳಿ ಹೋದರೂ ಮೊದಲ ಮಾತು "ಇವರಿಗೆ ಜಠರದ ಶಸ್ತ್ರಚಿಕಿತ್ಸೆಯಾಗಿದೆ, ಇಷ್ಟು ದಿನದಿಂದ ವಾಂತಿ" ಎಂದಿರಲಿ. ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಕೊಟ್ಟ ಕಾಗದದ ಒಂದು ಪ್ರತಿ ಅವರ ಕೈಚೀಲದಲ್ಲೂ ಒಂದು ಚಿತ್ರ ನಿಮ್ಮ ಫೋನಿನಲ್ಲೂ ಇರಲಿ. ಮೈಕೈ ನೋವಿಗೆಂದು ಔಷಧಿ ಅಂಗಡಿಯಲ್ಲಿ ಕೇಳಿ ತರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳನ್ನು ಅವರಿಗೆ ಕೊಡಬೇಡಿ. ಬೈಪಾಸಿನ ಜೋಡಣೆಯಲ್ಲಿ ಅವು ಹುಣ್ಣು ಎಬ್ಬಿಸುತ್ತವೆ.

ನಿಧಾನವಾಗಿ ಬರುವ ಕೊರತೆಗಳು ಬೇರೆ. ಬಿ12 ಜೀವಸತ್ವ ಕರುಳಿಗೆ ಸೇರಬೇಕಾದರೆ ಜಠರದಲ್ಲಿ ಸ್ರವಿಸುವ ಒಂದು ಪ್ರೋಟೀನಿನ ನೆರವು ಬೇಕು. ಅದು ಈಗ ಕಡಿಮೆ. ಯಕೃತ್ತಿನಲ್ಲಿ ಹಳೆಯ ದಾಸ್ತಾನು ಇರುವುದರಿಂದ ಮೊದಲ ಒಂದೆರಡು ವರ್ಷ ಏನೂ ಗೊತ್ತಾಗುವುದಿಲ್ಲ. ಆಮೇಲೆ ಕೈಕಾಲು ಜೋಮು, ಮರೆವು, ರಕ್ತಹೀನತೆ. ಈ ಜೀವಸತ್ವ ಸಹಜವಾಗಿ ಸಿಗುವುದು ಹಾಲು, ಮೊಟ್ಟೆ, ಮಾಂಸದಂಥ ಪ್ರಾಣಿಜನ್ಯ ಆಹಾರದಲ್ಲಿ ಮಾತ್ರ. ಆದ್ದರಿಂದ ಸಸ್ಯಾಹಾರಿಗಳು ಇನ್ನೂ ಜಾಗ್ರತೆಯಾಗಿರಬೇಕು. ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಬಾರದು, ಎರಡು ಗಂಟೆಯ ಅಂತರ ಬೇಕು. ಕಬ್ಬಿಣದ ಮಾತ್ರೆಯ ಜೊತೆ ಕಾಫಿ, ಟೀ ಬೇಡ. ಮೂರನೆಯ ತಿಂಗಳ ಸುಮಾರಿಗೆ ಕೂದಲು ಉದುರಿದರೆ ಗಾಬರಿ ಬೇಡ, ಪ್ರೋಟೀನು ಸರಿಯಿದ್ದರೆ ಮತ್ತೆ ಬೆಳೆಯುತ್ತದೆ.

ಮೊದಲ ವರ್ಷ ಎಲ್ಲರೂ ತಪ್ಪದೆ ತಪಾಸಣೆಗೆ ಹೋಗುತ್ತಾರೆ. ತೂಕ ಇಳಿದು ಹಳೆಯ ಬಟ್ಟೆ ದೊಗಲೆಯಾದ ಮೇಲೆ, ಬೆಂಗಳೂರಿಗೆ ಹೋಗಿ ಬರುವ ಖರ್ಚು ನೆನೆದು, ಹೋಗುವುದು ನಿಲ್ಲುತ್ತದೆ. ಮಾತ್ರೆಯೂ ನಿಲ್ಲುತ್ತದೆ. ರಕ್ತದ ಹಿಮೋಗ್ಲೋಬಿನ್, ಬಿ12, ಡಿ ಜೀವಸತ್ವ, ಕ್ಯಾಲ್ಸಿಯಂ ಪರೀಕ್ಷೆಗಳಿಗೆ ರಕ್ತ ಕೊಡಲು ಬೆಂಗಳೂರೇ ಆಗಬೇಕಿಲ್ಲ. ಹಾಸನದಂಥ ಜಿಲ್ಲಾ ಕೇಂದ್ರದಲ್ಲಿ ಮಾಡಿಸಿ, ವರದಿಯನ್ನು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ಫೋನಿನಲ್ಲಿ ಕಳುಹಿಸಿ, ಅವರು ಬರಲು ಹೇಳಿದರೆ ಮಾತ್ರ ರೈಲು ಹತ್ತಬಹುದು. ವರ್ಷಕ್ಕೊಮ್ಮೆಯಾದರೂ ಇದು ಆಗಬೇಕು. ಆ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವುದು, ನೋಟ್‌ಬುಕ್ಕಿನ ಕೆಲಸ ವಹಿಸಿಕೊಂಡಿರುವ ನಿಮ್ಮದೇ ಪಾಲಿಗೆ ಬರಲಿ.